ಬಿಸಿಯಾದ ಹುಲ್ಲಿನ ಪಿಂಡಿ

ಬಂಡೆಗಳೇ ಹೆಚ್ಚಾಗಿದ್ದ ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಒಂದು ಗರಿಕೆಯೂ ಉಳಿಯುತ್ತಿರಲಿಲ್ಲ. ಅದಕ್ಕೆ ಅಲ್ಲಿನ ಪ್ರಾಣಿಗಳು ಮಳೆಗಾಲ ಮುಗಿದ ಕೂಡಲೇ ಹುಲ್ಲು ಕೊಯ್ದು, ಒಣಗಿಸಿ, ಒತ್ತಿ, ಪಿಂಡಿ ಕಟ್ಟಿ ಗುಹೆಯಲ್ಲಿ ಇಡುತ್ತಿದ್ದವು.

ಒತ್ತುವ ಕೆಲಸ ಆನೆಯಜ್ಜಿಯದು. ಬಂಡೆಯಲ್ಲಿ ಚೌಕನೆಯ ಒಂದು ಗುಂಡಿ ಇತ್ತು. ಮೊದಲು ಅದರೊಳಗೆ ಬಳ್ಳಿ ಹಾಸಿ, ಬಾಯಿಯವರೆಗೂ ಹುಲ್ಲು ತುಂಬುವುದು. ಮೇಲೆ ದಪ್ಪ ಮರದ ಹಲಗೆ ಇಡುವುದು. ಆನೆಯಜ್ಜಿ ಹಲಗೆಯ ಮೇಲೆ ಹತ್ತಿ ನಿಲ್ಲುವುದು. ಬೆಟ್ಟದಷ್ಟಿದ್ದ ಹುಲ್ಲು ಮೊಣಕಾಲೆತ್ತರಕ್ಕೆ ಇಳಿಯುತ್ತಿತ್ತು. ಬಳ್ಳಿಯನ್ನು ಮೇಲಕ್ಕೆಳೆದು ಬಿಗಿದರೆ ಪಿಂಡಿ ಸಿದ್ಧ.

ಯಾರ ಪಿಂಡಿ ಹೆಚ್ಚು ಭಾರವೋ ಅವರ ಮರಿಗಳಿಗೆ ಗುಹೆಯ ಒಳಮೂಲೆ. ಅಲ್ಲಿಗೆ ಚಿರತೆ ಬರುತ್ತಿರಲಿಲ್ಲ. ಆ ವರ್ಷ ಜಿಂಕೆಗೆ ಆ ಮೂಲೆ ಬೇಕೇಬೇಕಿತ್ತು. ಅದರ ಮರಿಗೆ ಒಂದು ಕಾಲು ಕುಂಟು. ಜಿಂಕೆ ರಾಶಿಗಟ್ಟಲೆ ಹುಲ್ಲು ಕೊಯ್ದು, ಹದಿನಾಲ್ಕು ದಿನ ಬಿಸಿಲಲ್ಲಿ ತಿರುವಿ ತಿರುವಿ ಒಣಗಿಸಿತು.

ಮೊಲಕ್ಕೂ ಆ ಮೂಲೆಯೇ ಬೇಕಿತ್ತು. ಆದರೆ ಬಿಸಿಲಿಗೆ ಮೈಯೊಡ್ಡುವ ಮನಸ್ಸಿರಲಿಲ್ಲ. ಭಾರ ಹೆಚ್ಚಲೆಂದು ಅದು ಅರ್ಧ ಹುಲ್ಲನ್ನು ತೊರೆಯಲ್ಲಿ ಅದ್ದಿ ತನ್ನ ಹೊರೆಯ ನಡುವೆ ತುಂಬಿ, ಸುತ್ತಲೂ ಒಣಹುಲ್ಲು ಮುಚ್ಚಿತು.

ವಿಶಾಖ ಮಳೆ ನಿಂತ ಹದಿನಾರನೆಯ ದಿನ ಒತ್ತುವ ಕೆಲಸ ಶುರುವಾಯಿತು. ಮೊಲದ ಸರದಿ ಬಂದಾಗ ಹಲಗೆಯ ಸಂದಿನಿಂದ ನೀರು ಜಿನುಗಿತು.

"ಇದೇನಪ್ಪಾ, ಕಾಲು ತಣ್ಣಗಾಯ್ತಲ್ಲ?" ಎಂದಿತು ಆನೆಯಜ್ಜಿ.

"ಇಬ್ಬನಿ ಅಜ್ಜಿ. ಬೆಳಿಗ್ಗೆ ಬೇಗ ತಂದೆ ನೋಡಿ."

"ನೀನು ಬೇಗ ಎದ್ದಿದ್ದೇ ನನಗೆ ಆಶ್ಚರ್ಯ," ಎಂದಿತು ಮುಳ್ಳುಹಂದಿ.

ಆನೆಯಜ್ಜಿ ಸೊಂಡಿಲಿನಿಂದ ಒಂದೊಂದೇ ಪಿಂಡಿ ಎತ್ತಿ ನೋಡಿತು. ಮೊಲದ್ದೇ ಭಾರವಾಗಿತ್ತು. ಮೊಲದ ಮಕ್ಕಳು ಒಳಮೂಲೆಗೆ ಹೋದವು. ಜಿಂಕೆಯ ಕುಂಟುಮರಿಗೆ ಗುಹೆಯ ಬಾಯಿಯೇ ಗತಿಯಾಯಿತು. ಪಿಂಡಿಗಳನ್ನೆಲ್ಲ ಗುಹೆಯೊಳಗೆ ಒಂದರ ಪಕ್ಕ ಒಂದು ಜೋಡಿಸಿದವು.

ಪಿಂಡಿ ಜೋಡಿಸಿದ ಐದನೆಯ ದಿನ ಮುಳ್ಳುಹಂದಿ ಮೊಲದ ಪಿಂಡಿಗೆ ಒರಗಿ, ತಟ್ಟನೆ ಎದ್ದಿತು. "ಮೊಲಣ್ಣ, ನಿನ್ನ ಪಿಂಡಿಗೆ ಜ್ವರ ಬಂದಿದೆ."

"ಹುಲ್ಲಿಗೆ ಜ್ವರ ಬರುತ್ತದೇನು?"

"ನೀನೇ ಮುಟ್ಟಿ ನೋಡು."

ಮೊಲ ಮುಟ್ಟಿತು. ನಿಜವಾಗಿಯೂ ಬಿಸಿ. ತಾನು ಹಾಕಿದ್ದು ತಣ್ಣೀರು. ಬಿಸಿ ಎಲ್ಲಿಂದ ಬಂತು?

ಹನ್ನೊಂದನೆಯ ದಿನ ಪಿಂಡಿಯಿಂದ ಆವಿ ಎದ್ದಿತು. ಬೆಲ್ಲ ಕಾಯಿಸಿದಂಥ ವಾಸನೆ ಬಂತು. ಪ್ರಾಣಿಗಳೆಲ್ಲ ಸುತ್ತ ನಿಂತು ನೋಡಿದವು.

"ಒಳಗೆ ಯಾರೋ ಉಸಿರಾಡುತ್ತಿದ್ದಾರೆ," ಎಂದಿತು ಜಿಂಕೆ.

"ಉಸಿರಾಡಿದರೆ ಸರಿ. ಪಾಯಸ ಯಾಕೆ ಮಾಡುತ್ತಿದ್ದಾರೆ?" ಎಂದಿತು ಮುಳ್ಳುಹಂದಿ.

"ಹಾವು ಮೊಟ್ಟೆ ಇಟ್ಟಿರಬೇಕು," ಎಂದಿತು ಕಡವೆ. "ಅಲ್ಲವೇ ಅಜ್ಜಿ?"

"ನನ್ನ ಕಾಲ ಕೆಳಗೆ ಯಾವ ಮೊಟ್ಟೆ ಉಳಿದೀತು? ನನಗೂ ತಿಳಿಯುತ್ತಿಲ್ಲ ಕಣಮ್ಮಾ," ಎಂದಿತು ಆನೆಯಜ್ಜಿ.

ಮೊಲ ನಡುವೆ ಬಾಯಿ ಹಾಕಿತು. "ನನ್ನ ಹುಲ್ಲು ಉಳಿದವರದಕ್ಕಿಂತ ಹೆಚ್ಚು ಬಿಸಿಲು ಕುಡಿದಿದೆ. ಕುಡಿದದ್ದನ್ನು ಈಗ ಬಿಡುತ್ತಿದೆ. ಅಷ್ಟೇ."

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲವೂ ತಲೆಯಾಡಿಸಿದವು.

ಹದಿನೆಂಟನೆಯ ದಿನ ಮಧ್ಯಾಹ್ನ ಹೊಗೆ ಬಂತು. ಮೊಲದ ಮಕ್ಕಳು ಒಳಮೂಲೆಯಲ್ಲಿ ಕೆಮ್ಮತೊಡಗಿದವು.

"ಒಳಗೇನಿದೆಯೋ ಇಲ್ಲೇ ಬಿಚ್ಚಿ ನೋಡೋಣ," ಎಂದು ಆನೆಯಜ್ಜಿ ಸೊಂಡಿಲು ಚಾಚಿ ಬಳ್ಳಿಯನ್ನು ಹಿಡಿಯಿತು. ಅಷ್ಟರಲ್ಲಿ ಪಿಂಡಿಯ ಒಂದು ಮಗ್ಗುಲು ಕಪ್ಪಾಗಿ, ಅಲ್ಲಿಂದ ಒಂದು ಕಿಡಿ ಉದುರಿತು. ಮೊಲ ತನ್ನ ಮಕ್ಕಳನ್ನು ನೋಡಿತು. ಪಕ್ಕದಲ್ಲಿ ಜೋಡಿಸಿದ್ದ ಎಲ್ಲರ ಬೇಸಿಗೆಯ ಮೇವನ್ನೂ ನೋಡಿತು.

"ಅಜ್ಜಿ, ತಡೆಯಿರಿ. ಒಳಗೆ ಹಸಿ ಹುಲ್ಲಿದೆ. ನಾನೇ ನೀರಲ್ಲಿ ಅದ್ದಿ ತುಂಬಿದ್ದು. ಅದು ಯಾಕೆ ಹೀಗಾಯಿತೋ ನನಗೆ ಗೊತ್ತಿಲ್ಲ."

ಆನೆಯಜ್ಜಿ ಬಳ್ಳಿಯನ್ನು ಮೆಲ್ಲಗೆ ಬಿಟ್ಟಿತು. "ನನಗೆ ಗೊತ್ತು. ಒದ್ದೆ ಎಲೆ ರಾಶಿಯಾಗಿ ಬಿದ್ದಲ್ಲಿ ಕಾವು ಹುಟ್ಟುವುದನ್ನು ಕಂಡಿದ್ದೇನೆ. ಇಲ್ಲಿ ಬಿಚ್ಚಿದರೆ ಗಾಳಿ ಹೊಕ್ಕು ಎಲ್ಲವೂ ಉರಿಯುತ್ತದೆ. ದಾರಿ ಬಿಡಿ."

ಅದು ಪಿಂಡಿಯನ್ನು ಬಿಚ್ಚದೆ ಹಣೆಯಿಂದ ತಳ್ಳುತ್ತಾ ಹೊರಗಿನ ಬೋಳುಬಂಡೆಯ ಮೇಲೆ ಉರುಳಿಸಿತು. ಬಳ್ಳಿ ಕಡಿದುಹೋಯಿತು. ಪಿಂಡಿ ಬಿಚ್ಚಿಕೊಂಡು ಆಳೆತ್ತರ ಉರಿಯಿತು. ಸಂಜೆಯ ಹೊತ್ತಿಗೆ ಬೂದಿ ಮಾತ್ರ ಉಳಿದಿತ್ತು.

"ಭಾರ ನೋಡಿದೆ, ಹದ ನೋಡಲಿಲ್ಲ. ನನ್ನದೂ ತಪ್ಪಿದೆ," ಎಂದು ಆನೆಯಜ್ಜಿ ಎಲ್ಲರೆದುರು ಒಪ್ಪಿಕೊಂಡಿತು. ಆಮೇಲೆ ಮೊಲದ ಕಡೆ ತಿರುಗಿತು. "ನಿನ್ನ ಮಕ್ಕಳಿಗೆ ನಾವೆಲ್ಲ ಹಿಡಿಹಿಡಿ ಮೇವು ಕೊಡುತ್ತೇವೆ. ನೀನು ತೊಗಟೆ ಕೆರೆದುಕೊಂಡು ತಿನ್ನು. ಒಳಮೂಲೆ ಜಿಂಕೆಗೆ. ಗುಹೆಯ ಬಾಯಲ್ಲಿ ನೀನು. ಚಿರತೆ ಬಂದರೆ ಎಲ್ಲರನ್ನೂ ಎಬ್ಬಿಸುವುದು ನಿನ್ನ ಕೆಲಸ."

ಆ ಬೇಸಿಗೆಯೆಲ್ಲ ಮೊಲ ಗುಹೆಯ ಬಾಯಲ್ಲೇ ಮಲಗಿತು. ಮಲಗಿದರೂ ಕಣ್ಣು ಮುಚ್ಚುವ ಧೈರ್ಯವಾಗಲಿಲ್ಲ. ಮೊಲಗಳು ಇಂದಿಗೂ ಕಣ್ಣು ತೆರೆದೇ ನಿದ್ದೆ ಮಾಡುವುದು ಅದಕ್ಕೇ ಅಂತೆ.

ನೀತಿ: ಮೋಸವನ್ನು ಎಷ್ಟು ಬಿಗಿಯಾಗಿ ಮುಚ್ಚಿಟ್ಟರೂ ಅದು ಒಳಗೊಳಗೇ ಕಾಯುತ್ತದೆ, ಹೊತ್ತಿಕೊಳ್ಳುವ ಮೊದಲೇ ಒಪ್ಪಿಕೊಳ್ಳುವುದು ಮೇಲು.