ಗದ್ದುಗೆ ಏರಿದ ಬಟ್ಟಲು

ಬೇಟೆಗೆ ಹೊರಟ ಪಾಳೆಯಗಾರ ತಾನು ಹಾಲು ಕುಡಿಯುವ ಬಟ್ಟಲನ್ನು ಗದ್ದುಗೆಯ ಮೇಲಿಟ್ಟ. ಹಸಿರು ಮೀನಾಕಾರಿ ಕುಸುರಿಯ ಬಟ್ಟಲು, ಸುತ್ತಲೂ ಕೂರಿಸಿದ ಕೆಂಪುಕಲ್ಲು. "ನಾನು ಬರೋ ತನಕ ಇದೇ ನಾನು. ಅಡ್ಡಬೀಳದವರ ತಲೆ ಉಳಿಯೋದಿಲ್ಲ!" ಎಂದ. ಸೇನೆಯ ದಳವಾಯಿಯೇ ಮೊದಲು ಅದಕ್ಕೆ ಅಡ್ಡಬಿದ್ದ.

ಅರಮನೆಯಲ್ಲಿ ಬಿಟ್ಟಿಗೆ ಭತ್ತ ಕುಟ್ಟಿ ಕುಟ್ಟಿ ಅಂಗೈ ಬೊಬ್ಬೆ ಎದ್ದಿದ್ದ ಮುದ್ದೀರಿ ಎಲ್ಲರೆದುರು ಬಟ್ಟಲಿಗೆ ಅಡ್ಡಬಿದ್ದಳು.

"ಬುದ್ಧೀ, ಈ ಬಿಟ್ಟಿ ಚಾಕರಿ ಸಾಕು. ನಾವೆಲ್ಲ ಮನೆಗೆ ಹೋಗ್ಲಾ?"

ಬಟ್ಟಲು ಬೇಡ ಅನ್ನಲಿಲ್ಲ. ಆಳುಗಳೆಲ್ಲ ಅವಳ ಹಿಂದೆಯೇ ಹೊರಟುಬಿಟ್ಟರು.

ದೊರೆ ಹಸಿದು ಬಂದರೆ ಒಲೆ ತಣ್ಣಗಿತ್ತು. ಅವಳನ್ನು ಎಳೆತರಿಸಿ ಗುಡುಗಿದ: "ಯಾರನ್ನ ಕೇಳಿ ಹೋದೆ?"

"ತಮ್ಮನ್ನೇ ಬುದ್ಧಿ. ಗದ್ದುಗೆ ಮೇಲಿದ್ರಲ್ಲ."

"ಅದು ಬಟ್ಟಲು ಕಣೇ!"

"ಹಂಗಾದ್ರೆ ದಳವಾಯಿಗಳೂ ಬರೀ ಬಟ್ಟಲಿಗೇ ಅಡ್ಡಬಿದ್ರಾ?"

ದಳವಾಯಿ ಮೀಸೆ ಮೇಲಿನ ಕೈ ತೆಗೆದು ದೊರೆಯನ್ನೇ ದುರುಗುಟ್ಟಿ ನೋಡಿದ. ದೊರೆ ಹಲ್ಲು ಕಡಿದ. "ಇಲ್ಲ... ಅದು ನಾನೇ."

ಮುದ್ದೀರಿ ಸೆರಗು ಕೊಡವಿದಳು. "ಹಂಗಾದ್ರೆ ನಾನು ಅಡ್ಡಬಿದ್ದು ಕೇಳಿದ್ದಾಯ್ತು, ತಾವು ಬೇಡ ಅನ್ಲಿಲ್ಲ. ಬರ್ತೀನಿ" ಎಂದು ನೆಟ್ಟಗೆ ನಡೆದುಬಿಟ್ಟಳು.