ಬಟ್ಟಲು ಮುಳುಗುವ ಮುನ್ನ

"ಕೈ ಶುದ್ಧವಾಗಿದ್ದರೆ ಸಾಲದೆ, ಗುರುಗಳೇ? ಕೆಲಸ ಮುಗಿದ ಮೇಲೆ ನಾನು ಯಾರ ಮನೆಯಲ್ಲಿ ಕೂತು ಕಾಫಿ ಕುಡಿದರೆ ಊರಿಗೇನು?"

ಹೀಗೆ ಕೇಳಿದವನು ಹಳೆಯ ಶಿಷ್ಯ, ಈಗ ನ್ಯಾಯಾಧೀಶ. ಪಕ್ಷಪಾತಿ ಎಂದು ಅವನ ಮೇಲೆ ಯಾರೋ ಮೂಗರ್ಜಿ ಬರೆದಿದ್ದರು. ಅದರ ನಕಲು ಜೇಬಿನಲ್ಲಿತ್ತು. ಮಾತಿನ ನಡುವೆ ಅದು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಯಾರ ಮನೆ?" ಎಂದರು ಗುರು.

"ಯಾರೋ ಗೆಳೆಯ ಬಿಡಿ, ಓದುವಾಗಿನಿಂದ ಜೊತೆ. ತೀರ್ಪು ಬರೆಯುವಾಗ ನನಗೆ ಯಾವ ಗೆಳೆಯನೂ ನೆನಪಾಗುವುದಿಲ್ಲ. ನನ್ನ ಕೈ ಶುದ್ಧವಾಗಿದೆ."

ಗುರು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವುದು ಅವನ ಕೆಲಸ. ಅಳತೆಗೆ ಒಂದು ತಾಮ್ರದ ಬಟ್ಟಲು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಹಂಡೆಯಲ್ಲಿ ತೇಲಿಬಿಟ್ಟರೆ ಬಟ್ಟಲು ಮೆಲ್ಲಗೆ ತುಂಬಿ ಮುಳುಗುತ್ತದೆ. ಎರಡು ಸಲ ಮುಳುಗಿತೆಂದರೆ ಒಬ್ಬರ ಸರದಿ ಮುಗಿಯಿತು. ನೀರುಗಂಟಿಗೆ ಸ್ವಂತ ಗದ್ದೆ ಇರಕೂಡದು, ಸರದಿಯ ದಿನಗಳಲ್ಲಿ ಅವನು ರೈತರ ಮನೆಯ ಮಜ್ಜಿಗೆಯನ್ನೂ ಮುಟ್ಟಕೂಡದು ಎಂಬುದು ಆ ಊರಿನ ಕಟ್ಟಳೆ. ಇಪ್ಪತ್ತು ವರ್ಷ ಅವನು ಮುಟ್ಟಿರಲಿಲ್ಲ.

ಚೌಕಾಬಾರ ಆಡಕೂಡದು ಎಂದು ಮಾತ್ರ ಕಟ್ಟಳೆಯಲ್ಲಿ ಇರಲಿಲ್ಲ. ಸಂಜೆಯಾದರೆ ಒಬ್ಬ ರೈತ ಅವನ ಜಗಲಿಗೆ ಬರುತ್ತಿದ್ದ. ಇಬ್ಬರೂ ಬಾಲ್ಯದ ಗೆಳೆಯರು. ಕವಡೆ ಎಸೆಯುವುದು, ಬೈದಾಡುವುದು, ನಗುವುದು, ಇಷ್ಟೇ.

ಆ ವರ್ಷ ಕೆರೆ ಅರ್ಧವೇ ತುಂಬಿತು. ಗೆಳೆಯನ ಗದ್ದೆಯ ಪಕ್ಕದಲ್ಲಿ ಒಬ್ಬ ವಿಧವೆಯ ಗದ್ದೆ. ಅವನ ಸರದಿ ಮುಗಿದ ಮೇಲೆ ಅವಳದು. ಒಂದು ದಿನ ಅವಳು ಬಂದು, "ನನ್ನ ಗದ್ದೆಯ ಕೊನೆಗೆ ನೀರು ಮುಟ್ಟಲಿಲ್ಲ ಅಣ್ಣಾ," ಎಂದಳು.

"ಬಟ್ಟಲು ಎರಡು ಸಲ ಮುಳುಗಿದೆ ತಾಯಿ. ಬಟ್ಟಲು ಸುಳ್ಳು ಹೇಳುತ್ತದೆಯೇ?"

"ಬಟ್ಟಲು ಹೇಳಲ್ಲ. ಅದರ ಮುಂದೆ ಕೂತವನು ನೀನೊಬ್ಬನೇ. ಸಂಜೆ ಅವನ ಜೊತೆ ಕಿಸಿಕಿಸಿ ನಗುವವನೂ ನೀನೇ."

ಅವಳು ಹೋದಳು, ಮಾತು ಹೋಗಲಿಲ್ಲ. ದಾರಿಯಲ್ಲಿ ಇಬ್ಬರು ನಿಂತು ಮಾತಾಡುತ್ತಿದ್ದರೆ ತನ್ನ ಸುದ್ದಿಯೇ ಇರಬೇಕು ಎಂದು ನೀರುಗಂಟಿಗೆ ಅನಿಸುತ್ತಿತ್ತು. ಅವರು ಮಾತು ನಿಲ್ಲಿಸಿದರಂತೂ ಅನುಮಾನವೇ ಉಳಿಯುತ್ತಿರಲಿಲ್ಲ. ಗೆಳೆಯ ಜೋಕು ಹೇಳಿದರೆ ಮೊದಲು ಬೀದಿಯ ಕಡೆ ನೋಡಿ, ಆಮೇಲೆ ಅರ್ಧ ನಗುತ್ತಿದ್ದ. ಕೊನೆಗೆ ಆಟವನ್ನು ಜಗಲಿಯಿಂದ ಒಳಮನೆಗೆ ಸಾಗಿಸಿ ಬಾಗಿಲು ಹಾಕಿದ. ಮರುದಿನವೇ ಬಾವಿಕಟ್ಟೆಯಲ್ಲಿ, "ಈಗ ಬಾಗಿಲು ಹಾಕಿಕೊಂಡು ಆಡುತ್ತಾರಂತೆ!" ಎಂಬ ಮಾತು ಎದ್ದಿತು. ನೀರುಗಂಟಿಗೆ ಊಟ ಸೇರದಾಯಿತು. ಇಪ್ಪತ್ತು ವರ್ಷದ ಹೆಸರು, ಒಂದು ನಗೆಗೆ ಹೋಗುವುದೇ?

ಮುಂದಿನ ಸರದಿ ಬಂತು. ಗೆಳೆಯನ ಗದ್ದೆಗೆ ನೀರು ಬಿಟ್ಟು ನೀರುಗಂಟಿ ಬಟ್ಟಲ ಮುಂದೆ ಕೂತ. ಒಂದು ಸಲ ಮುಳುಗಿತು. ಎರಡನೆಯ ಸಲ ತೇಲಿಬಿಟ್ಟ. ಅಂಚು ಮುಳುಗಲು ಇನ್ನೂ ಎರಡು ಬೆರಳು ಇತ್ತು. ಇವನಿಗೆ ಎರಡು ಬೆರಳು ಕಡಿಮೆಯಾದರೆ ಯಾರು ತಾನೇ ನನ್ನನ್ನು ಪಕ್ಷಪಾತಿ ಎಂದಾರು? ಬಟ್ಟಲನ್ನು ಕೈಯಿಂದ ಎತ್ತಿದ. ಎದ್ದು ಗೆಳೆಯನ ಕಾಲುವೆಗೆ ಮಣ್ಣು ಕಟ್ಟಿ ವಿಧವೆಯ ಕಡೆ ನೀರು ತಿರುಗಿಸಿದ. ಮನಸ್ಸು ಹಗುರವಾಯಿತು. ಹೀಗೆ ಮೂರು ಸರದಿ ನಡೆಯಿತು. ಗೆಳೆಯನ ಗದ್ದೆಯ ಒಂದು ಮೂಲೆ ಹಳದಿಯಾಯಿತು. ಅವನು ಆಟಕ್ಕೆ ಬರುವುದನ್ನು ಬಿಟ್ಟ.

ನಾಲ್ಕನೆಯ ಸರದಿಯ ದಿನ ವಿಧವೆ ಬೇಗ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು. ಅವನಿಗೆ ಗೊತ್ತಿರಲಿಲ್ಲ. ಬಟ್ಟಲನ್ನು ಎತ್ತಿ ತಿರುಗಿದರೆ ಅವಳು.

"ನಿನಗೇ ಲಾಭ ತಾಯಿ," ಎಂದ ಅವನು. "ಕಡಿಮೆಯಾದದ್ದು ಅವನಿಗೆ."

"ಯಾರಿಗೆ ಕಡಿಮೆಯಾಯಿತೋ ನನಗೆ ಬೇಡ. ಇಷ್ಟು ದಿನ ಬರೀ ಗುಮಾನಿ ಇತ್ತು ಅಣ್ಣಾ. ನೀನು ಬಟ್ಟಲಿಗೆ ಕೈ ಹಾಕುವವನು ಅಂತ ಇವತ್ತು ಕಣ್ಣಾರೆ ಕಂಡೆ."

ಸಂಜೆಯೊಳಗೆ ಊರಿನವರು ಬಂದು ಬಟ್ಟಲನ್ನು ತೆಗೆದುಕೊಂಡು ಹೋದರು. ಅವರ ಹಿಂದೆ ಗೆಳೆಯನೂ ನಿಂತಿದ್ದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಕೈ ಜೇಬಿನ ಮೇಲೇ ಇತ್ತು.

"ಹಾಗಾದರೆ ಅವನು ಗೆಳೆತನ ಬಿಡಬೇಕಿತ್ತು ಅಂತೀರಾ?"

"ಏಕೆ ಬಿಡಬೇಕು? ಗೆಳೆಯನ ಸರದಿ ಬಂದಾಗ ತಾನು ಎದ್ದು, ಬಟ್ಟಲ ಮುಂದೆ ಆ ಹೆಂಗಸನ್ನು ಕೂರಿಸಿದ್ದರೆ ಸಾಕಿತ್ತು. ಸಂಜೆ ಜಗಲಿಯ ಮೇಲೇ ಆಡಬಹುದಿತ್ತು, ಜೋರಾಗಿ ನಗಬಹುದಿತ್ತು."

"ಅದು ನೀರಿನ ಮಾತಾಯಿತು, ಗುರುಗಳೇ. ನಾನು ಯಾವ ಬಟ್ಟಲನ್ನೂ ಎತ್ತಿಲ್ಲ. ನನ್ನ ಕೈಯಂತೂ ಶುದ್ಧವಾಗಿದೆ."

"ಬಂದಾಗಿನಿಂದ ಕೈ ಶುದ್ಧ ಎಂದು ಮೂರು ಸಲ ಹೇಳಿದೆಯಪ್ಪಾ; ಆ ಗೆಳೆಯನ ವ್ಯಾಜ್ಯ ಯಾವ ನ್ಯಾಯಾಧೀಶನ ಮುಂದಿದೆ ಎಂದು ಒಂದು ಸಲವೂ ಹೇಳಲಿಲ್ಲ."