ಈರಮ್ಮಜ್ಜಿ ಬದಲಿಸಿದ ತೀರ್ಪು

ಮಕ್ಕಳೇ, ಬೆಳಗಿನ ಮಂಜು ಮಧ್ಯಾಹ್ನವಾದರೂ ಎದ್ದು ಹೋಗಲು ಒಪ್ಪದ ಒಂದು ಕಾಡಿತ್ತು. ಅಲ್ಲಿ ಮರಗಳು ಮೋಡದ ಮೇಲೆ ನಿಂತ ಹಾಗೆ ಕಾಣುತ್ತಿದ್ದವು. ಆ ಕಾಡಿನ ನ್ಯಾಯಾಧೀಶೆ ಈರಮ್ಮಜ್ಜಿ ಎಂಬ ಮುದಿ ಆನೆ. ಅಜ್ಜಿಗೆ ಬುದ್ಧಿಯಿತ್ತು, ನೇರ ನಡತೆಯಿತ್ತು. ಆದರೆ ನಾಲ್ಕು ಜನರ ಮೆಚ್ಚುಗೆ ಎಂದರೆ ಸ್ವಲ್ಪ ಹೆಚ್ಚೇ ಇಷ್ಟ.

ಒಂದು ಸಂಜೆ ಹೆಣ್ಣು ನವಿಲು ಚಿನ್ನವ್ವ ಅಳುತ್ತಾ ಬಂದಳು. ಮರಿಗಳಿರುವ ಕಾಲದಲ್ಲಿ ಎತ್ತರದ ಹುಲ್ಲಿಗೆ ಯಾರೂ ನುಗ್ಗಬಾರದೆಂದು ಕಾಡಿನ ಕಟ್ಟಳೆ. ಕಾಡುಹಂದಿ ಮಾರ ನುಗ್ಗಿದ್ದ. ರೆಕ್ಕೆ ಹರಡಿ ಅಡ್ಡ ನಿಂತವಳನ್ನು ಮೂತಿಯಿಂದ ಎತ್ತಿ ಎಸೆದು, ಅವಳ ಮರಿಗಳನ್ನೆಲ್ಲ ತುಳಿದು ಕೊಂದಿದ್ದ.

ಅಜ್ಜಿ ಕಾಡಿನವರನ್ನೆಲ್ಲ ಸೇರಿಸಿ ಮಾರನನ್ನು ಕರೆಸಿದಳು. "ಹೌದೇನೋ ಮಾರ?"

"ಹೌದು ಅಜ್ಜಿ."

ಅಂಥ ತಪ್ಪು ಮಾಡಿದವರನ್ನು ಬಂಡೆಯ ತುದಿಯಿಂದ ಕಮರಿಗೆ ತಳ್ಳಬಹುದಿತ್ತು. ಇಲ್ಲವೇ ಸಾಯುವವರೆಗೂ ಹೊಳೆಯ ನಡುಗಡ್ಡೆಯಲ್ಲಿ ಇಡಬಹುದಿತ್ತು. ಯಾವುದೆಂದು ಆರಿಸುವುದು ಅಜ್ಜಿಗೆ ಬಿಟ್ಟದ್ದು.

"ಬಂಡೆಗೆ! ಬಂಡೆಗೆ!" ಎಂದು ನೆರೆದವರೆಲ್ಲ ಕೂಗಿದರು.

ಈರಮ್ಮಜ್ಜಿ ಇನ್ನೇನನ್ನೂ ವಿಚಾರಿಸಲಿಲ್ಲ. "ನಾಳೆ ಬೆಳಕು ಹರಿಯುತ್ತಲೇ ಬಂಡೆಗೆ," ಎಂದಳು. ಕಾಡಿಗೆ ಕಾಡೇ ಜೈಕಾರ ಹಾಕಿತು. ಆ ಸದ್ದು ಅವಳ ಅಗಲವಾದ ಕಿವಿಗಳಿಗೆ ಹಿತವಾಗಿತ್ತು.

ಬೆಳಗ್ಗೆ ಬಂಡೆಯ ಸುತ್ತ ಮಂಜು ಹಾಲಿನಂತೆ ಹರಿಯುತ್ತಿತ್ತು. ಕಮರಿ ಕಾಣದೆ, ಬಂಡೆಯೇ ಆಕಾಶದಲ್ಲಿ ತೇಲುತ್ತಿದೆಯೇನೋ ಅನ್ನಿಸುತ್ತಿತ್ತು. ಕಾಡಿನವರೆಲ್ಲ ನೆರೆದು ಮಾರನನ್ನು ತುದಿಯಲ್ಲಿ ನಿಲ್ಲಿಸಿದ್ದರು. ಸೊಂಡಿಲು ಮಾರನ ಬೆನ್ನಿಗೆ ತಾಗಿದಾಗ ಅವನ ಮೈ ನಡುಗುವುದು ಅಜ್ಜಿಗೆ ತಿಳಿಯಿತು. ನಿನ್ನೆ ಕೇಳದ ಮಾತು ಈಗ ಬಾಯಿಗೆ ಬಂತು.

"ಯಾಕೋ ಹಾಗೆ ನುಗ್ಗಿದೆ?"

"ಹುಲ್ಲಿನಾಚೆ ಬೇಟೆಗಾರರ ಉರುಲಿಗೆ ನನ್ನ ಮರಿ ಸಿಕ್ಕಿಕೊಂಡು ಕಿರುಚುತ್ತಿತ್ತು ಅಜ್ಜಿ. ನಾನು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಚಿನ್ನವ್ವ ಅಡ್ಡ ನಿಂತದ್ದು ಕಂಡಿತ್ತು. ಆದರೂ ನುಗ್ಗಿದೆ."

"ಉರುಲನ್ನು ಕಂಡವರು ಯಾರಾದರೂ ಇದ್ದೀರಾ?"

ಮುಸುವ ತಿಪ್ಪ ಮರದಿಂದ ಇಳಿದ. "ನಾನು ಕಂಡೆ. ನಿನ್ನೆ ಯಾರೂ ಕೇಳಲಿಲ್ಲವಲ್ಲ ಅಜ್ಜಿ!"

ಈರಮ್ಮಜ್ಜಿ ಸೊಂಡಿಲನ್ನು ಹಿಂದಕ್ಕೆಳೆದುಕೊಂಡಳು. ಒಂದು ಸಲ ತಳ್ಳಿಬಿಟ್ಟಿದ್ದರೆ ಈ ಮಾತೂ ಮಂಜಿನೊಳಗೆ ಬಿದ್ದುಹೋಗುತ್ತಿತ್ತು. ಅವಳು ತಿಪ್ಪನ ಜೊತೆ ಹೋಗಿ ಉರುಲನ್ನು ಕಣ್ಣಾರೆ ನೋಡಿ ಬಂದಳು.

"ಮಾರ ಮಾಡಿದ್ದು ಘೋರ ತಪ್ಪೇ. ಆದರೆ ಇವನು ಕೊಲ್ಲಬೇಕೆಂದು ಹೊಂಚು ಹಾಕಿದವನಲ್ಲ. ಬಂಡೆ ಬೇಡ. ಬದುಕಿರುವಷ್ಟು ದಿನ ನಡುಗಡ್ಡೆಯಲ್ಲೇ ಇರಲಿ."

ನರಿ ರೇಗಿತು. "ಹಾಗಾದರೆ ನಾಳೆಯಿಂದ ಎಲ್ಲರೂ ಒಂದೊಂದು ಕತೆ ಹೇಳುತ್ತಾರೆ!"

"ಹೇಳಲಿ. ಎಲ್ಲವನ್ನೂ ಕೇಳುತ್ತೇನೆ. ಎಲ್ಲವನ್ನೂ ನಂಬುವುದಿಲ್ಲ."

ಆಗ ಚಿನ್ನವ್ವ ಮುಂದೆ ಬಂದಳು. "ನಾನು ಇವನನ್ನು ಕ್ಷಮಿಸಿಲ್ಲ ಅಜ್ಜಿ."

"ಕ್ಷಮಿಸು ಎನ್ನುವ ಹಕ್ಕು ನನಗಿಲ್ಲ ತಾಯಿ. ನಿನ್ನೆ ನಿನ್ನ ಮರಿಗಳ ಹೆಸರನ್ನೂ ನಾನು ಕೇಳಲಿಲ್ಲ. ಈಗ ಹೇಳು."

ಚಿನ್ನವ್ವ ಒಂದೊಂದೇ ಹೆಸರು ಹೇಳಿದಳು. ಪ್ರತಿ ಹೆಸರಿಗೂ ಮಾರನ ತಲೆ ಇನ್ನಷ್ಟು ತಗ್ಗಿತು. ಆಮೇಲೆ ಅವನು ಹೊಳೆಗಿಳಿದು ನಡುಗಡ್ಡೆಯತ್ತ ಈಜಿದ. ಈರಮ್ಮಜ್ಜಿ ಚಿನ್ನವ್ವನ ಪಕ್ಕದಲ್ಲೇ ನಿಂತಳು; ಅವಳ ಅಳು ನಿಲ್ಲುವವರೆಗೂ ಕದಲಲಿಲ್ಲ.

ನೀತಿ: ಜೀವ ತೆಗೆಯುವ ಅಧಿಕಾರ ಇರುವವರು ಗುಂಪಿನ ಕೂಗಿಗಲ್ಲ, ಪೂರ್ತಿ ಸಂಗತಿಗೆ ಕಿವಿಗೊಡಬೇಕು; ಏಕೆಂದರೆ ತೆಗೆದ ಜೀವವನ್ನು ಯಾವ ತೀರ್ಪೂ ಮರಳಿ ಕೊಡಲಾರದು.